ಮದ್ರಾಸಿ, ಘಾಟಿ, ಭಯ್ಯಾ: ಕೆಲವು ಅಡ್ಡಹೆಸರುಗಳ ಪೂರ್ವಚರಿತ್ರೆ

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಜಮಾ-ಖರ್ಚು, ಬ್ಯಾಲೆನ್ಸ್ ಶೀಟು ಬಿಟ್ಟರೆ ಬೇರೆ ಶಾಸ್ತ್ರ ನನಗೆ ಗೊತ್ತಿಲ್ಲ. ಭಾಷಾಶಾಸ್ತ್ರವಂತೂ ದೂರದ ಮಾತು. ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತದ್ದೊಂದೇ ಈ ಲೇಖನಕ್ಕೆ ನಾನು ಹಾಕುತ್ತಿರುವ ಬಂಡವಾಳ. ಆದರೂ ಬರೆಯಲೇಬೇಕಾಗಿ ಬಂತು. ಕಳೆದ ಮಳೆಗಾಲದಲ್ಲಿ ನಮ್ಮ ಕನ್ನಡ ಬಳಗದ ಸಭೆಯಲ್ಲಿ ನನ್ನ ಬಾಯಿಂದ ಒಂದು ಮಾತು ಬಂತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನನಗೆ ಬಂದ ಮಾತುಗಳ ಲೆಕ್ಕ.

ಡೊಂಬಿವಲಿಯಿಂದ ಠಾಣೆಗೆ ಬೆಳಗಿನ ಲೋಕಲ್ಲಿನಲ್ಲಿ ಹೋಗುವವರಿಗೆ ಆ ನೂಕುನುಗ್ಗಲನ್ನು ವರ್ಣಿಸಬೇಕಾಗಿಲ್ಲ. ಒಂದು ದಿನ ಬಾಗಿಲ ಹತ್ತಿರ ನೇತಾಡುತ್ತಿದ್ದಾಗ ಊರಿನಿಂದ ದೊಡ್ಡಪ್ಪನ ಫೋನು ಬಂತು. ತುಳುವಿನಲ್ಲಿ ಎರಡು ಮಾತು ಆಡಿದೆ, ಅಷ್ಟೇ. ಹಿಂದಿನಿಂದ ಒಬ್ಬ, "ಏ ಮದ್ರಾಸಿ, ಆಗೇ ಸರಕ್" ಎಂದ. ನಾನು ಮದ್ರಾಸನ್ನು ಕಂಡವನಲ್ಲ. ನಮ್ಮದು ಕಾರ್ಕಳ ತಾಲೂಕು. ಸಂಜೆ ಮನೆಗೆ ಬಂದು ಸಿಟ್ಟಿನಿಂದ ಹೇಳಿದರೆ ಅಜ್ಜ ನಕ್ಕುಬಿಟ್ಟರು. "ನೀನು ಎಂಥ ಮದ್ರಾಸಿ ಮಾರಾಯಾ, ಮದ್ರಾಸಿ ಅಂತ ಇದ್ದರೆ ಈ ಮನೆಯಲ್ಲಿ ನಾನೊಬ್ಬನೇ" ಅಂದರು.

ಅಜ್ಜ ಹೇಳಿದ್ದು ತಮಾಷೆಗಲ್ಲ. ಅವರು ಹುಟ್ಟಿದ್ದು 1950ರಲ್ಲಿ. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲಿಷರು ಕೆನರಾ ಸೀಮೆಯನ್ನು ಮದ್ರಾಸಿಗೆ ಸೇರಿಸಿಕೊಂಡರು. 1862ರಲ್ಲಿ ಉತ್ತರ ಕನ್ನಡವನ್ನು ಮಾತ್ರ ಮುಂಬಯಿ ಪ್ರಾಂತಕ್ಕೆ ಕೊಟ್ಟರು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವ ತನಕ ಮಂಗಳೂರು, ಉಡುಪಿ, ಕಾರ್ಕಳದವರು ಸರ್ಕಾರಿ ಕಾಗದದ ಪ್ರಕಾರ ಮದ್ರಾಸಿನವರೇ. ಅಂದರೆ 'ಮದ್ರಾಸಿ' ಎಂಬುದು ಮೊದಲಿಗೆ ಬೈಗುಳವೇ ಅಲ್ಲ, ವಿಳಾಸ.

ಇನ್ನೊಂದು ಕಡೆ ನೋಡಿ. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರದವರು ಅದೇ 1956ರವರೆಗೆ ಮುಂಬಯಿ ರಾಜ್ಯದ ಪ್ರಜೆಗಳು. ಮುಂಬಯಿ ಅವರದೇ ರಾಜಧಾನಿ. ಧಾರವಾಡದಿಂದ ಇಲ್ಲಿಗೆ ಕೆಲಸಕ್ಕೆ ಬಂದವನು ಪರರಾಜ್ಯಕ್ಕೆ ಬಂದವನಲ್ಲ, ಸಾತಾರಾದಿಂದ ಬಂದವನಷ್ಟೇ ಹಕ್ಕಿನವನು. ಆದರೆ ರೈಲಿನಲ್ಲಿ ಅವನೂ ಮದ್ರಾಸಿಯೇ! ವಿಳಾಸ ಬೈಗುಳವಾದ ಕೂಡಲೇ ಅದಕ್ಕೆ ಭೂಗೋಳದ ಹಂಗು ತಪ್ಪಿಹೋಗುತ್ತದೆ. 1969ರಲ್ಲಿ ಮದ್ರಾಸ್ ರಾಜ್ಯ ತಮಿಳುನಾಡಾಯಿತು, 1996ರಲ್ಲಿ ಮದ್ರಾಸ್ ಪಟ್ಟಣ ಚೆನ್ನೈ ಆಯಿತು. ಈಗ ಆ ಹೆಸರಿನ ರಾಜ್ಯವೂ ಇಲ್ಲ, ಪಟ್ಟಣವೂ ಇಲ್ಲ. ಮದ್ರಾಸಿ ಮಾತ್ರ ಗಟ್ಟಿಯಾಗಿ ಉಳಿದಿದ್ದಾನೆ.

ಅಜ್ಜ ಮುಂಬಯಿಗೆ ಬಂದದ್ದು 1964ರಲ್ಲಿ, ಹದಿನಾಲ್ಕು ವರ್ಷದ ಹುಡುಗ. ದಾದರಿನ ಒಂದು ಹೋಟೆಲಿನಲ್ಲಿ ಮೊದಲು ಲೋಟ ತೊಳೆಯುವ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಎರಡು ವರ್ಷ ಕಳೆಯುವುದರೊಳಗೆ, 1966ರ ಜೂನ್ 19ರಂದು ಬಾಳ ಠಾಕರೆಯವರು ಶಿವಸೇನೆ ಕಟ್ಟಿದರು. ಅದಕ್ಕೂ ಮೊದಲೇ, 1960ರಿಂದ ಅವರ 'ಮಾರ್ಮಿಕ' ವಾರಪತ್ರಿಕೆ ಬರುತ್ತಿತ್ತು. ಮುಂಬಯಿಯ ಕಂಪೆನಿಗಳಲ್ಲಿ ಕೆಲಸದಲ್ಲಿರುವ ದಕ್ಷಿಣದವರ ಹೆಸರುಗಳ ಪಟ್ಟಿಯನ್ನೇ ಅದರಲ್ಲಿ ಅಚ್ಚು ಹಾಕುತ್ತಿದ್ದರು. ಇಂಗ್ಲಿಷ್ ಟೈಪಿಂಗು, ಶಾರ್ಟ್‌ಹ್ಯಾಂಡು ಕಲಿತು ಬಂದ ದಕ್ಷಿಣದವರು ಕಚೇರಿಗಳಲ್ಲಿ ಗುಮಾಸ್ತರಾಗಿ ಕೂತಿದ್ದರು, ಹೋಟೆಲುಗಳು ಉಡುಪಿಯವರ ಕೈಯಲ್ಲಿದ್ದವು. ಶಾಲೆ ಕಲಿತ ಮರಾಠಿ ಹುಡುಗರಿಗೆ ಕೆಲಸವಿಲ್ಲ. ಅವರ ಹೊಟ್ಟೆಯ ಸಂಕಟ ಸುಳ್ಳಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಆ ಸಂಕಟಕ್ಕೆ ಸಿಕ್ಕಿದ ಘೋಷಣೆ ಯಾವುದು? 'ಬಜಾವ್ ಪುಂಗಿ, ಹಟಾವ್ ಲುಂಗಿ.' ಪುಂಗಿಗೂ ಲುಂಗಿಗೂ ಪ್ರಾಸ ಬಿಟ್ಟು ಬೇರೆ ಸಂಬಂಧವಿಲ್ಲ. ನಮ್ಮವರು ಉಡುವುದು ಮುಂಡು, ಅದನ್ನು ಲುಂಗಿ ಅಂದದ್ದೂ ಪ್ರಾಸಕ್ಕಾಗಿಯೇ ಇರಬೇಕು.

ಹೋಟೆಲುಗಳಿಗೆ ಕಲ್ಲು ಬಿದ್ದ ಕಾಲ ಅದು. ಅಜ್ಜನ ಧಣಿ ಗಲ್ಲಾಪೆಟ್ಟಿಗೆಯ ಮೇಲೆ ಕೃಷ್ಣನ ಪಟದ ಪಕ್ಕದಲ್ಲಿ ಶಿವಾಜಿ ಮಹಾರಾಜರ ಪಟ ತಂದು ತೂಗುಹಾಕಿದರಂತೆ. ಹುಡುಗರೆಲ್ಲ ಮುಂಡು ಬಿಟ್ಟು ಪಾಯಿಜಾಮ ಹಾಕಬೇಕೆಂದು ಅಪ್ಪಣೆಯಾಯಿತು. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿ ವಿಷಯಕ್ಕೆ ಮುಂಬಯಿ ಹೊತ್ತಿ ಉರಿದಾಗ ಮೂರು ದಿನ ಹೋಟೆಲಿನ ಒಳಗೇ ಬಾಗಿಲು ಹಾಕಿ ಕೂತಿದ್ದರು. ಅಜ್ಜ ಇವತ್ತಿಗೂ ಮನೆಯೊಳಗೆ ಮುಂಡು ಉಡುತ್ತಾರೆ, ಹಾಲು ತರಲು ಕೆಳಗಿಳಿಯುವಾಗ ಪ್ಯಾಂಟು ಹಾಕುತ್ತಾರೆ. ನಾನು ಇದನ್ನು ಅವರ ಶಿಸ್ತು ಅಂದುಕೊಂಡಿದ್ದೆ.

ಆ ಕಾಲದ ಇನ್ನೊಂದು ಮಾತು 'ಯಂಡುಗುಂಡು'. ಇದು ಉಡುಪಲ್ಲ, ಊರಲ್ಲ, ಬರೀ ಸದ್ದು. ನಮ್ಮ ಮಾತು ತಿಳಿಯದವರ ಕಿವಿಗೆ ಹೇಗೆ ಬೀಳುತ್ತದೋ ಅದರ ಅಣಕ. ತುಳುವಿನಲ್ಲಿ ಮಾತುಮಾತಿಗೂ 'ಉಂಡು' ಬರುತ್ತದಲ್ಲ, ಹಾಗಾಗಿ ಇದರಲ್ಲಿ ನಮ್ಮ ಪಾಲು ಸ್ವಲ್ಪ ಜಾಸ್ತಿಯೇ ಇರಬಹುದೆಂದು ನನ್ನ ಊಹೆ. ಇದೇನೂ ಹೊಸ ಉಪಾಯವಲ್ಲ. ಹಿಂದಿನ ಗ್ರೀಕರು ತಮ್ಮ ಭಾಷೆ ಬಾರದವರ ಮಾತು 'ಬರ್ ಬರ್' ಅಂತ ಕೇಳಿಸುತ್ತದೆಂದು ಅವರನ್ನೆಲ್ಲ 'ಬಾರ್ಬರೋಸ್' ಎಂದರು. ಸಂಸ್ಕೃತದಲ್ಲಿಯೂ 'ಬರ್ಬರ' ಉಂಟು. ತಮಗೆ ತಿಳಿಯದಿದ್ದರೆ ಅದು ಆಡಿದವನ ತಪ್ಪು ಎಂಬ ಲೆಕ್ಕ! ಆದರೆ ಇಲ್ಲಿಯೇ ಒಂದು ಸೋಜಿಗ ನೋಡಿ. ಜ್ಞಾನೇಶ್ವರರು ತಮ್ಮ ಅಭಂಗವೊಂದರಲ್ಲಿ ಪಂಢರಪುರದ ವಿಠಲನನ್ನೇ 'ಕಾನಡಾ' ಎಂದು ಕರೆದಿದ್ದಾರೆ. ಕರ್ನಾಟಕದವನು ಎಂದೂ ಅರ್ಥ, ಸುಲಭವಾಗಿ ತಿಳಿಯಲಾರದವನು ಎಂದೂ ಅರ್ಥ ಹೇಳುತ್ತಾರೆ. ತಿಳಿಯದ ಮಾತಿನವನು ಅಲ್ಲಿ ದೇವರು, ಲೋಕಲ್ಲಿನಲ್ಲಿ ಯಂಡುಗುಂಡು.

ಸಿನಿಮಾದವರು ಈ ಸದ್ದನ್ನು ಚೆನ್ನಾಗಿಯೇ ಮಾರಿಕೊಂಡರು. 1968ರ 'ಪಡೋಸನ್'ನಲ್ಲಿ ಮೆಹಮೂದ್ ಜುಟ್ಟು ಕಟ್ಟಿಕೊಂಡು ಸಂಗೀತದ ಮೇಷ್ಟ್ರಾದರು, 1990ರ 'ಅಗ್ನಿಪಥ್'ದಲ್ಲಿ ಮಿಥುನ್ ಚಕ್ರವರ್ತಿ ಎಳನೀರು ಮಾರುವ ಕೃಷ್ಣನ್ ಅಯ್ಯರ್ ಆದರು. ನಾವೂ ನಕ್ಕಿದ್ದೇವೆ, ನಮ್ಮ ಮನೆಯಲ್ಲಿ ಟೀವಿ ಮುಂದೆ ಅಜ್ಜನೇ ಎಲ್ಲರಿಗಿಂತ ಜೋರಾಗಿ ನಕ್ಕದ್ದು.

'ಭಯ್ಯಾ' ಎಂಬುದರ ಕತೆ ಇನ್ನೂ ವಿಚಿತ್ರ. ಅಣ್ಣ ಎಂಬ ಮಾತನ್ನು ಯಾರಾದರೂ ಬೈಗುಳ ಮಾಡಬಲ್ಲರೇ? ಮುಂಬಯಿ ಮಾಡಿದೆ. ಉತ್ತರ ಪ್ರದೇಶದಿಂದ ಬಂದ ಹಾಲಿನವನನ್ನು ಮೊದಲು ಪ್ರೀತಿಯಿಂದಲೇ ಹಾಗೆ ಕರೆದಿರಬೇಕು. ಆಮೇಲೆ ಹಾಲಿನವ, ತರಕಾರಿಯವ, ರಿಕ್ಷಾದವ, ಎಲ್ಲರಿಗೂ ಅದೊಂದೇ ಹೆಸರು. 2008ರ ಅಕ್ಟೋಬರಿನಲ್ಲಿ ರೈಲ್ವೆ ನೇಮಕಾತಿ ಪರೀಕ್ಷೆ ಬರೆಯಲು ಬಂದ ಉತ್ತರದ ಹುಡುಗರನ್ನು ಇಲ್ಲಿ ಹೊಡೆದು ಓಡಿಸಿದರಲ್ಲ, ಆಗ ಲುಂಗಿಯ ಜಾಗದಲ್ಲಿ ಭಯ್ಯಾ ಕೂತಿದ್ದ. ನಮ್ಮವರನ್ನು ಇಡ್ಲಿ ಅಂಗಡಿಯಲ್ಲಿ 'ಅಣ್ಣಾ' ಎನ್ನುತ್ತಾರೆ. ಅರ್ಥ ಎರಡಕ್ಕೂ ಒಂದೇ, ಬೆಲೆ ಬೇರೆ. ಅಣ್ಣನಿಗೆ ಅಂಗಡಿ ಉಂಟು, ಭಯ್ಯಾನಿಗೆ ಕೈಗಾಡಿ, ಅದರಿಂದಲೇ ಈ ವ್ಯತ್ಯಾಸ ಎಂದು ನನಗೆ ಕಾಣುತ್ತದೆ. ಮತ್ತೆ ಉಡುಪಿಯವರಲ್ಲೇ ಎಷ್ಟೋ ಮಂದಿ ಭಯ್ಯಾ ಎಂದು ಮೂಗು ಮುರಿಯುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಇಟಲಿ ದೇಶದಲ್ಲಿಯೂ ಹೀಗೇ ಉಂಟಂತೆ. ಅಲ್ಲಿ ಬಡತನ ದಕ್ಷಿಣದಲ್ಲಿ, ಕಾರ್ಖಾನೆ ಉತ್ತರದಲ್ಲಿ. 1950-60ರ ದಶಕಗಳಲ್ಲಿ ದಕ್ಷಿಣದ ರೈತಾಪಿ ಜನ ತುರಿನ್, ಮಿಲಾನಿಗೆ ಕೆಲಸ ಹುಡುಕಿಕೊಂಡು ಹೋದಾಗ ಅವರನ್ನು 'ತೆರ್ರೋನೆ' ಎಂದರು. 'ತೆರ್ರಾ' ಎಂದರೆ ಮಣ್ಣು, ಮಣ್ಣಿನಲ್ಲಿ ಹೊರಳುವವ ಎಂಬಂತೆ. ದಕ್ಷಿಣದವರಿಗೆ ಮನೆ ಬಾಡಿಗೆಗಿಲ್ಲ ಎಂಬ ಬೋರ್ಡೂ ತುರಿನ್ನಿನಲ್ಲಿ ತೂಗುತ್ತಿತ್ತು. ದಕ್ಷಿಣದವರು ಬಿಟ್ಟಾರೆಯೇ? ಉತ್ತರದವರು ಜೋಳದ ಹಿಟ್ಟಿನ ಗಂಜಿ, ಅಂದರೆ 'ಪೊಲೆಂತಾ', ತಿನ್ನುವವರೆಂದು 'ಪೊಲೆಂತೋನೆ' ಅಂದರು. ಆದರೆ ಆ ಎರಡು ಮಾತು ಸಮ ತೂಗುವುದಿಲ್ಲ. ಗಂಜಿ ತಿನ್ನುವವ ಅಂದರೆ ಮನೆಯ ಯಜಮಾನ ನಕ್ಕು ಬಿಡುತ್ತಾನೆ, ಮಣ್ಣಿನವ ಅಂದರೆ ಬಾಡಿಗೆದಾರನಿಗೆ ಮನೆ ಸಿಗುವುದಿಲ್ಲ.

ಇನ್ನು 'ಘಾಟಿ'. ಮುಂಬಯಿಯಲ್ಲಿ ಮರಾಠಿಯವರನ್ನೇ ಚುಚ್ಚುವ ಮಾತು ಇದು. ನಮ್ಮ ಕನ್ನಡದಲ್ಲಿ 'ಘಾಟಿ ಮುದುಕಿ' ಅಂದರೆ ಚತುರೆ, ಯಾರಿಗೂ ಬಗ್ಗದವಳು. ಅದನ್ನು ಇಲ್ಲಿ ಹೊಗಳಿಕೆ ಅಂತ ತಿಳಿದು ಬಳಸಬೇಡಿ, ಪೆಟ್ಟು ಬಿದ್ದೀತು! ಮರಾಠಿಯ ಘಾಟಿ ಎಂದರೆ ಘಾಟಿನವ, ಸಹ್ಯಾದ್ರಿಯ ಆಚೆಯಿಂದ ಇಳಿದು ಬಂದವ. ಸಮುದ್ರದ ಬದಿಯ ಜನ ಘಾಟಿನ ಮೇಲಿನವರಿಗೆ ಇಟ್ಟ ಹೆಸರು. ಹಮಾಲಿ, ಮಿಲ್ಲು, ಮನೆಗೆಲಸಕ್ಕೆ ಆ ಕಡೆಯ ಬಡವರು ಬಂದರು. ಹೆಸರಿಗೆ ಬೆವರಿನ ವಾಸನೆ ಅಂಟಿಕೊಂಡಿತು. ಆಮೇಲೆ ಇಂಗ್ಲಿಷ್ ಮಾತಾಡುವವರ ಬಾಯಲ್ಲಿ 'ಘಾಟಿ' ಅಂದರೆ ನಾಜೂಕಿಲ್ಲದವ ಎಂದೇ ಅರ್ಥವಾಯಿತು. ಮದ್ರಾಸಿ ಎಂದು ಕೂಗುವವನನ್ನು ಘಾಟಿ ಎಂದು ಕೂಗುವವನೂ ಅದೇ ಡಬ್ಬಿಯಲ್ಲಿ ಇರುತ್ತಾನೆ.

ಇಲ್ಲಿಗೆ ನನ್ನ ಮಾತು ಬಂತು. ಅದೇ ಸಹ್ಯಾದ್ರಿ ಸಾಲು ನಮ್ಮೂರಿನ ಹಿಂದೆಯೂ ಹಾದು ಹೋಗುತ್ತದೆ. ನಾವು ತುಳುವರು ಅದರ ಮೇಲಿನವರನ್ನು 'ಘಟ್ಟದಕುಲು' ಎನ್ನುತ್ತೇವೆ, ಕನ್ನಡದಲ್ಲಿ 'ಘಟ್ಟದವರು'. ಬೈಗುಳ ಅಂತ ಯಾರೂ ಹೇಳಿಕೊಡಲಿಲ್ಲ. ಆದರೆ ಮನೆಯಲ್ಲಿ ಯಾರಾದರೂ ಒರಟಾಗಿ ಉಂಡರೆ, ಗಟ್ಟಿಯಾಗಿ ಮಾತಾಡಿದರೆ, "ಘಟ್ಟದವರ ಹಾಗೆ" ಎಂಬ ಮಾತು ತಾನಾಗಿಯೇ ಬರುತ್ತದೆ.

ನಮ್ಮ ಬಳಗದಲ್ಲಿ ಒಬ್ಬ ಗೆಳೆಯ ಇದ್ದಾನೆ, ಕೋಪರ್‌ಖೈರಣೆಯಿಂದ ಬರುತ್ತಾನೆ. ವಿಜಾಪುರ ಜಿಲ್ಲೆಯವರು. ಅಪ್ಪ ಗೌಂಡಿ, ಅವ್ವ ಈಗಲೂ ಬೆಳಿಗ್ಗೆ ನಾಕಾಕ್ಕೆ ಹೋಗಿ ನಿಲ್ಲುತ್ತಾರೆ. 1970ರಲ್ಲಿ ಸಿಡ್ಕೋ ಹುಟ್ಟಿ ನವಿ ಮುಂಬಯಿ ಕಟ್ಟಲು ಶುರುವಾದ ಮೇಲೆ ಅಲ್ಲಿಯ ಗೋಡೆಗಳನ್ನು ಎತ್ತಿದವರಲ್ಲಿ ವಿಜಾಪುರ, ಗುಲ್ಬರ್ಗಾ ಕಡೆಯವರು ಬಹಳ. 1972ರ ಬರ ಕೆಲವರನ್ನು ಕಳಿಸಿತು, ಆಲಮಟ್ಟಿಯ ಹಿನ್ನೀರು ಕೆಲವರನ್ನು. ಆ ದಿನ ಸಭೆಯಲ್ಲಿ ರಾಜ್ಯೋತ್ಸವದ ನಾಟಕಕ್ಕೆ ಪಾತ್ರ ಹಂಚುತ್ತಿದ್ದೆವು. ಅವನು ತನ್ನ ಭಾಷೆಯಲ್ಲಿ ಸಂಭಾಷಣೆ ಓದಿದ. ನಾನು ನಗುತ್ತಾ, "ಇದೆಂಥ ಘಟ್ಟದವರ ಕನ್ನಡ ಮಾರಾಯಾ, ಯಾರಿಗೆ ಅರ್ಥ ಆಗ್ತದೆ?" ಎಂದೆ. ಎಲ್ಲರೂ ನಕ್ಕರು. ಅವನು ಪುಸ್ತಕ ಮಡಚಿ ಇಟ್ಟ. ಮುಂದಿನ ಮೂರು ಸಭೆಗೆ ಬರಲಿಲ್ಲ.

ತಿಳಿಯದ ಮಾತು ಅದನ್ನು ಆಡಿದವನ ತಪ್ಪು ಎಂಬ ಲೆಕ್ಕವನ್ನು ಮೇಲೆ ಬರೆದೆನಲ್ಲ, ಅದನ್ನು ನಾನು ಗ್ರೀಕರಿಂದ ಕಲಿಯಬೇಕಾಗಿರಲಿಲ್ಲ.

ನಾಲ್ಕನೆಯ ವಾರ ಠಾಣೆ ಸ್ಟೇಷನ್ನಿನಲ್ಲಿ ಅವನೇ ಸಿಕ್ಕಿದ. ವಾಶಿ ಕಡೆಯ ಗಾಡಿ ತಡವಾಗಿತ್ತು. ತಪ್ಪಾಯ್ತು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಘಟ್ಟದ ಮ್ಯಾಲಿನವ್ರು ಹೌದಲ್ಲೋ, ಅದಕ್ಕೇನ್ ಸಿಟ್ಟಿಲ್ಲ. ಎಲ್ಲಾರ ಮುಂದ ನಕ್ಕಿ ನೋಡು, ಅದಕ್ಕ" ಅಂದ. ಮತ್ತೆ, "ನಮ್ಮ ನಾಕಾದಾಗ ನಿಮಗೇನಂತೀವಿ ಗೊತ್ತೈತೇನು? ಶೆಟ್ಟಿ ಮಂದಿ. ಹೋಟೆಲ್ ಇದ್ರೂ ಶೆಟ್ಟಿ, ಕಪ್ಪು-ಬಸಿ ತೊಳದ್ರೂ ಶೆಟ್ಟಿ" ಅಂದ. ನಮ್ಮ ಮನೆಯಲ್ಲಿ ಯಾರೂ ಶೆಟ್ಟರಲ್ಲ!

ಈ ಲೇಖನದ ಕರಡನ್ನು ಮೊದಲು ಓದಿದವನು ಅವನೇ. ತಲೆಬರಹ ನೋಡಿ, "ಅಡ್ಡಹೆಸರು ಅಂದ್ರ ನಮ್ಮ ಕಡೆ ಮನಿತನದ ಹೆಸರು. ಬೈಗಳಕ್ಕ ಯಾಕ ಹಚ್ಚಿದಿ?" ಎಂದು ಕೇಳಿದ. ನಮ್ಮ ಕಡೆ ಅಡ್ಡಹೆಸರು ಎಂದರೆ ಹಾಸ್ಯಕ್ಕೆ ಇಟ್ಟ ಹೆಸರೇ. ಬಹಳ ಹೊತ್ತು ವಾದ ಮಾಡಿದೆವು. ಕೊನೆಗೆ ಇರಲಿ ಬಿಡು ಅಂದ, ಹಾಗಾಗಿ ತಲೆಬರಹ ಹಾಗೆಯೇ ಇದೆ.