ನಿಮಗಿದು ಗೊತ್ತೆ? ಹತ್ತು ಸಾವಿರ ಹೆಜ್ಜೆಯ ಹಂಗು ಬೇಕಿಲ್ಲ

ನಡಿಗೆ ಶುರು ಮಾಡುವವರನ್ನು ಮೊದಲ ದಿನವೇ ಹೆದರಿಸುವ 10,000 ಹೆಜ್ಜೆಗಳ ಗುರಿ ವೈದ್ಯರು ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಬಳಸಿದ ಸಂಖ್ಯೆ. ಅಮೆರಿಕದ ಹಿರಿಯ ಮಹಿಳೆಯರ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ಹಾಕಿದವರಲ್ಲೇ ಸಾವಿನ ಪ್ರಮಾಣ 2,700 ಹಾಕಿದವರಿಗಿಂತ ಸಾಕಷ್ಟು ಕಡಿಮೆಯಿತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾದರೆ ಸುಮ್ಮನೆ ಅಡ್ಡಾಡಿದರೆ ಸಾಕೇ? ಸಾಲದು. ಹೃದಯಕ್ಕೆ ಕಸುವು ಬರಲು ಬಿರುಸು ಬೇಕು: ನಿಮಿಷಕ್ಕೆ ಸುಮಾರು 100 ಹೆಜ್ಜೆ. ಆ ವೇಗದಲ್ಲಿ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಪುರುಸೊತ್ತಿಲ್ಲ ಎನ್ನುವವರಿಗೂ ಉತ್ತರವಿದೆ. ವಾರಕ್ಕೆ ಕನಿಷ್ಠ 150 ನಿಮಿಷ ಎನ್ನುವ ವಿಶ್ವ ಆರೋಗ್ಯ ಸಂಸ್ಥೆ, ಒಮ್ಮೆಗೆ 10 ನಿಮಿಷವಾದರೂ ಇರಬೇಕೆಂಬ ಷರತ್ತನ್ನು 2020ರಲ್ಲಿ ಕೈಬಿಟ್ಟಿದೆ. ಬಸ್ ನಿಲ್ದಾಣಕ್ಕೆ ಬಿರುಸಾಗಿ ನಡೆದ ಐದು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ.