ಹೃದಯದಿಂದ ಮೂತ್ರಪಿಂಡಕ್ಕೆ ಹೋಗುವ ಸುದ್ದಿ

ಬೇಸಗೆಯ ರಜೆಯಲ್ಲಿ ಸಿದ್ದಾಪುರ ಸೀಮೆಯ ಹೇರೂರಿನಂತಹ ಊರುಗಳ ಹುಡುಗರು ಹೊಳೆಯ ಮಡುವಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಹೊತ್ತು ಕಳೆಯುವುದುಂಟು. ಹಾಗೆ ನಿಂತವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ಮೂತ್ರವಿಸರ್ಜನೆಯ ಅವಸರವಾಗುತ್ತದೆ. ನೀರಿನ ತಂಪೇ ಇದಕ್ಕೆ ಕಾರಣವೆಂದು ಹಿರಿಯರು ಹೇಳುತ್ತಾರೆ. ತಂಪಿನ ಪಾತ್ರ ಇಲ್ಲವೆಂದಲ್ಲ. ಆದರೆ ಬಿಸಿಯೂ ತಂಪೂ ಎನಿಸದ ನೀರಿನಲ್ಲಿ ಕುಳಿತರೂ ಹೀಗೆಯೇ ಆಗುತ್ತದೆ. ಒಂದು ಗುಟುಕು ನೀರನ್ನೂ ಕುಡಿಯದಿರುವಾಗ, ನೀರನ್ನು ಹೊರಹಾಕಬೇಕೆಂಬ ಅಪ್ಪಣೆ ಮೂತ್ರಪಿಂಡಗಳಿಗೆ ಎಲ್ಲಿಂದ ಬಂದಿತು?

ಪ್ರಶ್ನೆಯ ಮೊದಲ ಭಾಗ ಭೌತಶಾಸ್ತ್ರಕ್ಕೆ ಸೇರಿದುದು. ನೀರಿನೊಳಗೆ ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುತ್ತದೆ. ಒಂದು ಮೀಟರ್ ಆಳದಲ್ಲಿ ಈ ಹೆಚ್ಚಳ ಸುಮಾರು 74 ಮಿಲಿಮೀಟರ್ ಪಾದರಸದ ಎತ್ತರಕ್ಕೆ ಸಮ. ನೆಲದ ಮೇಲೆ ನಿಂತಾಗ ನಮ್ಮ ರಕ್ತದ ಗಣನೀಯ ಭಾಗ ಕಾಲುಗಳ ತೆಳುಗೋಡೆಯ ಸಿರೆಗಳಲ್ಲಿ ತಂಗಿರುತ್ತದೆ. ನೀರಿಗಿಳಿದೊಡನೆ ಹೊರಗಿನ ಒತ್ತಡವು ಈ ಸಿರೆಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತದೆ. ಹೀಗೆ ಸುಮಾರು 700 ಮಿಲಿಲೀಟರ್ ರಕ್ತ ಎದೆಗೂಡನ್ನು ಸೇರುತ್ತದೆ. ಶರೀರದ ಒಟ್ಟು ರಕ್ತ ಹೆಚ್ಚಿಲ್ಲ. ಅದರ ಹಂಚಿಕೆ ಮಾತ್ರ ಬದಲಾಗಿದೆ. ಆದರೂ ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ತುಂಬಿ ಹಿಗ್ಗುತ್ತವೆ. ಶರೀರವು ಈ ಹಿಗ್ಗುವಿಕೆಯನ್ನೇ ರಕ್ತ ಹೆಚ್ಚಾದುದರ ಗುರುತಾಗಿ ತಿಳಿಯುತ್ತದೆ.

ಇನ್ನು ಮೂತ್ರಪಿಂಡಗಳ ಕೆಲಸವನ್ನು ನೋಡೋಣ. ಅವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬಹುಪಾಲನ್ನು ರಕ್ತಕ್ಕೇ ಹಿಂದಿರುಗಿಸುತ್ತವೆ. ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರಿನಷ್ಟು ಮಾತ್ರ. ಆದುದರಿಂದ ಹಿಂದಿರುಗಿಸುವ ಕೆಲಸ ತುಸು ಕಡಿಮೆಯಾದರೂ ಮೂತ್ರದ ಪ್ರಮಾಣ ಬಹಳ ಹೆಚ್ಚುತ್ತದೆ. ಮಳೆಗಾಲದಲ್ಲಿ ಅಡಿಕೆ ತೋಟದ ಮೇಲ್ಗಡೆ ನೀರು ನಿಂತುದನ್ನು ಕಂಡ ಕೃಷಿಕ ಕೆಳಗಿನ ಬಸಿಗಾಲುವೆಯನ್ನು ಬಿಡಿಸುತ್ತಾನೆ. ಶರೀರದಲ್ಲಿ ಇದನ್ನು ಕಾಣುವ ಕಣ್ಣು ಯಾವುದು?

ಇದರ ಉತ್ತರಕ್ಕೆ ಭಾರತೀಯ ವಿಜ್ಞಾನಿಯೊಬ್ಬರ ಕಾಣಿಕೆಯೂ ಇದೆ. ಮುಂದೆ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯ ನಿರ್ದೇಶಕರಾದ ಅವತಾರ್ ಸಿಂಗ್ ಪೈಂಟಲ್ ಅವರು 1953ರಲ್ಲಿ ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ಅರಿವಳಿಕೆ ಕೊಟ್ಟ ಪ್ರಾಣಿಯ ವೇಗಸ್ ನರದಿಂದ ಕೂದಲೆಳೆಗಿಂತ ತೆಳುವಾದ ತಂತುಗಳನ್ನು ಬಿಡಿಸಿ, ಅವುಗಳಲ್ಲಿ ಹರಿಯುವ ವಿದ್ಯುತ್ ಮಿಡಿತಗಳನ್ನು ಅವರು ದಾಖಲಿಸಿದರು. ಕೆಲವು ತಂತುಗಳು ಹೃತ್ಕರ್ಣ ಸಂಕುಚಿಸಿದಾಗ ಮಿಡಿದರೆ, ಇನ್ನು ಕೆಲವು ಅದು ರಕ್ತದಿಂದ ತುಂಬುವಾಗ ಮಿಡಿದವು. ತುಂಬಿದ ಮಟ್ಟವನ್ನು ಮಿದುಳಿಗೆ ತಿಳಿಸುವ ಅಳತೆಗೋಲು ಹೃದಯದಲ್ಲಿಯೇ ಇದೆಯೆಂದು ಇದರಿಂದ ಸ್ಪಷ್ಟವಾಯಿತು.

1956ರಲ್ಲಿ ಜೇಮ್ಸ್ ಹೆನ್ರಿ, ಔಟೊ ಗೌವರ್ ಮತ್ತು ಅವರ ಸಂಗಡಿಗರು ನಾಯಿಯ ಎಡ ಹೃತ್ಕರ್ಣದಲ್ಲಿ ಪುಟ್ಟ ಬಲೂನೊಂದನ್ನು ಉಬ್ಬಿಸಿದರು. ಮೂತ್ರ ಹೆಚ್ಚಿತು. ವೇಗಸ್ ನರಗಳನ್ನು ತಣ್ಣಗೆ ಮಾಡಿ ಅವುಗಳ ಸುದ್ದಿಯನ್ನು ತಡೆದಾಗ ಈ ಪರಿಣಾಮ ಕುಗ್ಗಿತು. ಸುದ್ದಿ ತಲುಪಿದ ಮಿದುಳು, ನೀರನ್ನು ಹಿಡಿದಿಡಲು ಮೂತ್ರಪಿಂಡಗಳಿಗೆ ಹೇಳುವ ವಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಕಡಿಮೆ ಮಾಡುತ್ತದೆಂದು ಅವರು ತರ್ಕಿಸಿದರು. 1972ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಸಂಶೋಧಕರು ಮತ್ತೊಂದು ಸೋಜಿಗವನ್ನು ಕಂಡರು. ನಾಯಿಯ ಹೃತ್ಕರ್ಣದ ಇದೇ ಗ್ರಾಹಕಗಳನ್ನು ಪ್ರಚೋದಿಸಿದಾಗ, ಹೃದಯಕ್ಕೆ ಹೋಗುವ ಅನುವೇದನಾ ನರಗಳ ಮಿಡಿತ ಹೆಚ್ಚಿದರೆ ಮೂತ್ರಪಿಂಡಕ್ಕೆ ಹೋಗುವವುಗಳ ಮಿಡಿತ ಕಡಿಮೆಯಾಯಿತು. ಸುದ್ದಿ ಒಂದೇ, ಅಪ್ಪಣೆಗಳು ಎರಡು! ಹೃದಯ ಚುರುಕಾಗಿ ದುಡಿಯಬೇಕು, ಮೂತ್ರಪಿಂಡ ಸಡಿಲವಾಗಬೇಕು.

ಸಮಸ್ಯೆ ಇಲ್ಲಿಗೇ ಬಗೆಹರಿಯಿತೆಂದು ತೋರಬಹುದು. ಆದರೆ ಪ್ರಕೃತಿ ಅಷ್ಟು ಸುಲಭವಾಗಿ ಕೈಗೆ ಸಿಕ್ಕುವುದಿಲ್ಲ. 1978ರಲ್ಲಿ ಗಿಲ್ಮೋರ್ ಮತ್ತು ಜಕರ್ ಎಂಬವರು ಕೋತಿಗಳನ್ನು ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಿದಾಗ, ವೇಗಸ್ ನರಗಳನ್ನು ಕತ್ತರಿಸಿದ ಮೇಲೂ ಮೂತ್ರ ಹೆಚ್ಚಿತು. ನಾಯಿಯಲ್ಲಿ ಕಂಡುದನ್ನು ಕೋತಿಗಾಗಲಿ ಮನುಷ್ಯನಿಗಾಗಲಿ ಹಾಗೆಯೇ ಅನ್ವಯಿಸಲಾಗದು ಎಂಬುದು ಇದರ ಪಾಠ. ಹಾಗಾದರೆ ನರಗಳ ಹೊರತು ಬೇರೆ ದಾರಿಯೂ ಇರಬೇಕಲ್ಲವೆ?

ಇದೆ, ಅದು ರಕ್ತವೇ. 1981ರಲ್ಲಿ ಕೆನಡಾದಲ್ಲಿ ಅಡಾಲ್ಫೊ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿಯ ಹೃತ್ಕರ್ಣವನ್ನು ಅರೆದು, ಅದರ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದರು. ಅವುಗಳ ಮೂತ್ರವೂ ಅದರಲ್ಲಿನ ಉಪ್ಪೂ ಹಲವು ಪಟ್ಟು ಹೆಚ್ಚಿದವು. ಹಿಗ್ಗಿದ ಹೃತ್ಕರ್ಣ ತಾನೇ ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಕೇವಲ ಪಂಪೆಂದು ತಿಳಿದಿದ್ದ ಹೃದಯ ಒಂದು ಗ್ರಂಥಿಯೂ ಹೌದೆಂದಾಯಿತು.

ಈ ತಿಳಿವಳಿಕೆ ಇಂದು ರೋಗಿಯ ಮಂಚದವರೆಗೆ ಬಂದಿದೆ. ಹೃದಯ ದುರ್ಬಲವಾದವರಲ್ಲಿ ರಕ್ತ ಹಿಂದೆ ನಿಂತು ಹೃದಯ ಹಿಗ್ಗುತ್ತದೆ. ಆದರೂ ಮೂತ್ರಪಿಂಡಗಳು ಉಪ್ಪುನೀರನ್ನು ಹಿಡಿದಿಡುತ್ತವೆ, ಕಾಲು ಊದುತ್ತದೆ. ಹೃದಯ ಕೂಗಿ ಹೇಳಿದರೂ, ಧಮನಿಗಳಲ್ಲಿ ಹರಿವು ಸಾಲದೆಂಬ ಎದುರು ಸುದ್ದಿಗಳು ಅದನ್ನು ಮೀರಿಸುತ್ತವೆ. ಆ ಕೂಗನ್ನು ವೈದ್ಯರು ಕೇಳಬಲ್ಲರು: ಇದೇ ಬಳಗದ ಹಾರ್ಮೋನೊಂದನ್ನು ರಕ್ತದಲ್ಲಿ ಅಳೆದು, ಉಬ್ಬಸದಿಂದ ಬಂದವನ ತೊಂದರೆಯ ಮೂಲ ಹೃದಯವೋ ಶ್ವಾಸಕೋಶವೋ ಎಂದು ನಿರ್ಧರಿಸಲು ನೆರವು ಪಡೆಯುತ್ತಾರೆ.

ಮುಂದಿನ ಬೇಸಗೆಯಲ್ಲಿ ಹೊಳೆಗಿಳಿದು, ಅವಸರದಿಂದ ದಡಕ್ಕೆ ಓಡುವ ಹುಡುಗನು ಇದನ್ನು ನೆನೆಯಲಿ: ಅವನನ್ನು ಓಡಿಸುತ್ತಿರುವುದು ನೀರಿನ ತಂಪೊಂದೇ ಅಲ್ಲ, ತುಂಬಿ ಬಂದ ಅವನ ಹೃದಯವೂ ಹೌದು.