ಗೇಮ್‌ಗೂ ಬೇಕು ಕಥೆಗಾರ್ತಿ

ಮಕ್ಕಳು ಆಡೋ ವಿಡಿಯೊ ಗೇಮ್‌ಗೆ ಕಥೆ, ಸಂಭಾಷಣೆ ಬರೆಯೋರೂ ಇರ್ತಾರೆ ಗೊತ್ತಾ? ಬರವಣಿಗೆಯ ಹವ್ಯಾಸವಿದ್ದರೆ ನೀವೂ ಪ್ರಯತ್ನಿಸಬಹುದು. ಆದರೆ ‘ನನ್ನ ಹತ್ರ ಒಳ್ಳೇ ಐಡಿಯಾ ಇದೆ’ ಅಂದರೆ ಯಾರೂ ಕೆಲಸ ಕೊಡೋದಿಲ್ಲ. ಆಡಿ ನೋಡುವಂಥ ಕಥೆ ಕೈಯಲ್ಲಿರಬೇಕು.

ಅದಕ್ಕೆಂದೇ ಟ್ವೈನ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಪ್ರೋಗ್ರಾಮಿಂಗ್ ಬರದಿದ್ದರೂ ಶುರು ಮಾಡಬಹುದು, ಕನ್ನಡದಲ್ಲೂ ಬರೆಯಬಹುದು. ಹಬ್ಬದ ದಿನ ನೀವು ಹೋಳಿಗೆ ತಟ್ಟುತ್ತಿದ್ದೀರಿ, ಹೇಳದೇ ಕೇಳದೇ ನಾದಿನಿಯ ಸಂಸಾರ ಬಂದಿಳಿಯಿತು ಅಂದುಕೊಳ್ಳಿ. ಹೂರಣ ಸಾಲದು. ಪಕ್ಕದ ಮನೆಯಲ್ಲಿ ಬೇಳೆ ಕೇಳೋದಾ, ದಿಢೀರ್ ಶಾವಿಗೆ ಪಾಯಸ ಮಾಡೋದಾ? ಆಡುವವರು ಆರಿಸಿದಂತೆ ಕಥೆ ಬೇರೆ ದಾರಿ ಹಿಡಿಯಬೇಕು, ಅತ್ತೆಯ ಮಾತೂ ಬದಲಾಗಬೇಕು. ಕಷ್ಟ ಇರೋದು ಇಲ್ಲೇ. ಧಾರಾವಾಹಿಯಂತೆ ಒಂದೇ ದಾರೀಲಿ ಎಳೆದರೆ ನಡೆಯೋಲ್ಲ!

ಅಡುಗೆಮನೆ ಕಥೆ ಯಾರಿಗೆ ಬೇಕು ಅನ್ನಬೇಡಿ. ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿಯ ಕಥೆ ಹೇಳುವ ‘ವೆಣ್ಬಾ’ ಗೇಮ್ 2023ರಲ್ಲಿ ಬಂತು. ಹರಿದುಹೋದ ಅಡುಗೆ ಪುಸ್ತಕ ನೋಡಿಕೊಂಡು ಇಡ್ಲಿ ಬೇಯಿಸೋದೂ ಅದರಲ್ಲಿ ಆಟವೇ. 2024ರಲ್ಲಿ ಅದಕ್ಕೆ ಚೊಚ್ಚಲ ಗೇಮ್ ವಿಭಾಗದ ಬಾಫ್ತಾ ಪ್ರಶಸ್ತಿ ಸಿಕ್ಕಿತು.

ಕೆಲಸ ಹೆಚ್ಚಾಗಿ ಇಂಗ್ಲಿಷಿನಲ್ಲೇ, ಹಾಗಾಗಿ ನಿಮ್ಮ ಕಥೆಯ ಇಂಗ್ಲಿಷ್ ರೂಪವೂ ಇರಲಿ. ಜನವರಿಯಲ್ಲಿ ನಡೆಯುವ ಗ್ಲೋಬಲ್ ಗೇಮ್ ಜಾಮ್‌ನಂಥ ಕೂಟಗಳಲ್ಲಿ ತಂಡ ಸೇರಿ ಪುಟ್ಟ ಗೇಮ್ ಮಾಡಿದರೆ ಪರಿಚಯವೂ ಬೆಳೆಯುತ್ತೆ. ಮೊದಮೊದಲು ಕಾಸು ಕಡಿಮೆ, ಮನೆ ಖರ್ಚಿಗೆ ಇದನ್ನೇ ನಂಬಬೇಡಿ. ಕೆಲಸ ಕೊಡಿಸ್ತೀವಿ ಅಂತ ದುಡ್ಡು ಕೇಳುವವರ ಕಡೆ ತಲೆಯೂ ಹಾಕಬೇಡಿ.